ಕಲ್ಲಿಲ್ಲದ ಊರು ಜೆನ್ನೆ

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಮೋಪ್ತಿ ಎಂಬ ನದಿ ಬಂದರಿನಲ್ಲಿ ಉಪ್ಪನ್ನು ಸಾಲಾಗಿ ಒರಗಿಸಿ ಇಟ್ಟಿದ್ದರು. ಅಂಗಳಕ್ಕೆ ಹಾಸುವ ಕಲ್ಲಿನ ಚಪ್ಪಡಿ ಇರುತ್ತಲ್ಲ, ಥೇಟ್ ಹಾಗೇ. ಬೂದು ಮಿಶ್ರಿತ ಬಿಳಿ, ಒಡೆಯದಿರಲಿ ಅಂತ ಸುತ್ತ ಚರ್ಮದ ಪಟ್ಟಿ. ಒಂದೊಂದೂ 30–40 ಕಿಲೋ ತೂಕ. ಸಹಾರಾ ನಡುವಿನ ತೌದೆನ್ನಿಯಲ್ಲಿ ಅಗೆದು, ಒಂಟೆಗೆ ನಾಲ್ಕರಂತೆ ಹೇರಿ ಟಿಂಬಕ್ಟುವಿಗೆ ತರುತ್ತಾರೆ. ಅಲ್ಲಿಂದ ಮುಂದಕ್ಕೆ ನೈಜರ್ ನದಿಯ ದೋಣಿ. ವ್ಯಾಪಾರಿ ಒಂದು ಚೂರು ಕೆತ್ತಿ ಕೊಟ್ಟ. ಬಾಯಿಗೆ ಹಾಕಿಕೊಂಡೆ. ಉಪ್ಪಿನ ಜೊತೆ ಒಂದಿಷ್ಟು ಮರಳೂ ಬಂತು.

ಇದು 2012ರ ಸಶಸ್ತ್ರ ಬಂಡಾಯದ ಗಲಾಟೆಗೆ ಮುಂಚಿನ ಮಾತು. ಮಾಲಿಯ ಈ ಭಾಗಕ್ಕೆ ಆಗ ಪ್ರವಾಸಿಗರು ಆರಾಮಾಗಿ ಹೋಗಿಬರುತ್ತಿದ್ದರು.

ಮಾಲಿ ಅಂದರೆ ಎಲ್ಲರೂ ಚಿನ್ನದ ಮಾತೆತ್ತುತ್ತಾರೆ. 1324ರಲ್ಲಿ ಮೆಕ್ಕಾಕ್ಕೆ ಹೊರಟ ಅರಸ ಮಾನ್ಸಾ ಮೂಸಾ ಕೈರೋದಲ್ಲಿ ಕೈತುಂಬ ಚಿನ್ನ ಹಂಚಿದ ಕಥೆ ಗೊತ್ತಲ್ವಾ? ನನಗಂತೂ ನದಿ ನೋಡಿದ ಮೇಲೆ ಚಿನ್ನ ಸಪ್ಪೆ ಎನಿಸಿತು. ನೈಜರ್ ಹುಟ್ಟುವುದು ಗಿನಿ ದೇಶದ ಬೆಟ್ಟಗಳಲ್ಲಿ, ಅಟ್ಲಾಂಟಿಕ್‌ನಿಂದ ಸುಮಾರು 240 ಕಿಲೋಮೀಟರ್ ದೂರದಲ್ಲಿ. ಆದರೂ ಸಮುದ್ರಕ್ಕೆ ಬೆನ್ನು ಹಾಕಿ ಮರುಭೂಮಿಯ ಕಡೆ ನಡೆಯುತ್ತದೆ. ಇಲ್ಲಿ ನೆಲ ಸಪಾಟು. ನೀರು ಮುಂದೆ ಓಡದೆ ಸುತ್ತಲೆಲ್ಲ ಹರಡಿಕೊಳ್ಳುತ್ತದೆ. ಬೆಟ್ಟದಲ್ಲಿ ಮಳೆ ನಿಂತ ಮೇಲೂ ಇಲ್ಲಿ ನೆರೆ. ನೀರು ಏರಿದರೆ ಬತ್ತಕ್ಕೆ ಒಳ್ಳೆಯದು, ಬೋಜೋ ಬೆಸ್ತರಿಗೂ ಒಳ್ಳೆಯದು. ಇಳಿದರೆ ಫುಲಾನಿ ದನಗಾಹಿಗಳಿಗೆ ಹುಲ್ಲು. ಅಂದಹಾಗೆ, ಇಲ್ಲಿನ ಹಳೆಯ ಬತ್ತ ಏಷ್ಯಾದಿಂದ ಬಂದದ್ದಲ್ಲ. ಇಲ್ಲಿಯವರೇ ಕಾಡುಬತ್ತವನ್ನು ಪಳಗಿಸಿ ಬೆಳೆದದ್ದು.

ಬಾನಿ ನದಿಯನ್ನು ಫೆರಿಯಲ್ಲಿ ದಾಟಿ ಜೆನ್ನೆ ಸೇರಿದೆವು. ಅವತ್ತು ಸೋಮವಾರ, ಸಂತೆ. ಒಣಮೀನಿನ ವಾಸನೆ ಮೂಗಿಗೆ ಹತ್ತುತ್ತಿತ್ತು. ಸಂತೆಯ ಹಿಂದೆ ದೊಡ್ಡ ಮಸೀದಿ, ಪೂರ್ತಿ ಮಣ್ಣಿನದು. ಈಗಿನ ಕಟ್ಟಡ 1907ರದ್ದು. ಗೋಡೆಯಿಂದ ತಾಳೆಮರದ ತುಂಡುಗಳು ಹೊರಚಾಚಿವೆ. ಅಂದಕ್ಕೆ ಅಂದುಕೊಂಡಿದ್ದೆ. ವರ್ಷಾವರ್ಷ ಗೋಡೆ ಮೆತ್ತುವಾಗ ಜನ ಹತ್ತಿ ನಿಲ್ಲುವುದು ಅದರ ಮೇಲೇ. ಮೆತ್ತುವ ಮಣ್ಣಿಗೆ ಬತ್ತದ ಹೊಟ್ಟು ಕಲಸಿ, ದಿನಗಟ್ಟಲೆ ಕೊಳೆಯಲು ಬಿಡುತ್ತಾರೆ. ಊಟ ಕೊಡುವ ಗದ್ದೆಯೇ ಗೋಡೆಯನ್ನೂ ಗಟ್ಟಿ ಮಾಡುತ್ತದೆ. ಬೇರೆ ದಾರಿಯೂ ಇರಲಿಲ್ಲ ಬಿಡಿ, ಈ ಬಯಲಿನಲ್ಲಿ ಕಟ್ಟಡಕ್ಕೆ ಕಲ್ಲೇ ಇಲ್ಲ.

ಮೂರು ಕಿಲೋಮೀಟರ್ ಆಚೆ ಹಳೆಯ ಊರಿನ ದಿಬ್ಬವಿದೆ, ಜೆನ್ನೆ-ಜೆನೋ. ಹೆಜ್ಜೆಯಿಟ್ಟಲ್ಲೆಲ್ಲ ಮಡಕೆ ಚೂರು. ಕೆಲವು ಕಡೆ ಶವ ಹೂಳುತ್ತಿದ್ದ ದೊಡ್ಡ ಗುಡಾಣಗಳ ಬಾಯಿ ಮಣ್ಣಿನಿಂದ ಮೇಲೆದ್ದಿದೆ. ಕ್ರಿ.ಪೂ. 250ರ ಸುಮಾರಿಗೇ ಜನ ಇಲ್ಲಿ ನೆಲೆಸಿದ್ದರು ಎಂದು 1977ರಲ್ಲಿ ಶುರುವಾದ ಉತ್ಖನನ ತೋರಿಸಿತು. ಅಗೆದಾಗ ಅದಿರು ಕರಗಿಸಿ ಕಬ್ಬಿಣ ತೆಗೆದ ಮೇಲೆ ಉಳಿಯುವ ಕಿಟ್ಟವೂ ಸಿಕ್ಕಿತು. ಆದರೆ ಹತ್ತಿರದಲ್ಲೆಲ್ಲೂ ಅದಿರಿಲ್ಲ, ತಾಮ್ರವಿಲ್ಲ. ಎಲ್ಲವೂ ಹೊರಗಿನಿಂದ ಬರಬೇಕು. ಇವರ ಹತ್ತಿರ ಕೊಡಲು ಇದ್ದದ್ದು ಬತ್ತ, ಮೀನು, ಮತ್ತೆ ದೋಣಿ ಸಾಗುವ ನೀರು. ಪಶ್ಚಿಮ ಆಫ್ರಿಕಾದವರಿಗೆ ಪಟ್ಟಣ ಕಟ್ಟಲು ಕಲಿಸಿದ್ದು ಉತ್ತರದ ಅರಬ್ ವ್ಯಾಪಾರಿಗಳು ಎಂದು ಬಹಳ ಕಾಲ ಬರೆಯುತ್ತಿದ್ದರು. ಆ ವ್ಯಾಪಾರಿಗಳು ಬರುವುದಕ್ಕೆ ಶತಮಾನಗಳ ಮೊದಲೇ ಇಲ್ಲಿಯವರು ಅದಿರಿಗೆ ಬತ್ತ ಅಳೆಯುತ್ತಿದ್ದಿರಬೇಕು.