ಜೊಂಡಿನೊಳಗಿಂದ ಒಂದು ಹೂಂಕಾರ

ಏಪ್ರಿಲ್ ಕೊನೇ ವಾರ, ಇಂಗ್ಲೆಂಡಿನ ಪೂರ್ವ ಕರಾವಳೀಲಿ, ಸಫೋಕ್ ಕಡೆ ಮಿನ್ಸ್‌ಮಿಯರ್ ಅಂತ ಜೌಗು ಪ್ರದೇಶ ಇದೆ, ಅಲ್ಲಿಗೆ ಸೂರ್ಯ ಹುಟ್ಟೋ ಹೊತ್ತಿಗೇ ಹೋಗಿ ನಿಂತಿದ್ದೆ. ವಸಂತ ಅಂತಾರೆ, ಆದ್ರೆ ಸಮುದ್ರದ ಗಾಳಿಗೆ ಬೆರಳು ಮರಗಟ್ಟಿ ಬೈನಾಕ್ಯುಲರ್ ಫೋಕಸ್ ತಿರುಗಿಸೋದೇ ಕಷ್ಟ ಆಗಿತ್ತು. ಕಣ್ಣು ಹಾಯಿಸಿದಷ್ಟೂ ಒಣ ಜೊಂಡು, ಬುಡದಲ್ಲಿ ಮಾತ್ರ ಹಸಿರು ಚಿಗುರ್ತಾ ಇದೆ.

ಮೊದಲು ಕೇಳಿಸಿದ್ದು ಬಿಟರ್ನ್. ಬಕದ ಕುಟುಂಬದ ಹಕ್ಕಿ, ಮೈಬಣ್ಣಾನೂ ಜೊಂಡಿಂದೇ, ಕೊಕ್ಕು ಮೇಲೆತ್ತಿ ನಿಂತ್ರೆ ಎದುರಿಗಿದ್ರೂ ಕಾಣಲ್ಲ. ಗಂಡು ಅನ್ನನಾಳಕ್ಕೆ ಗಾಳಿ ತುಂಬ್ಕೊಂಡು ಕೂಗಿದ್ರೆ ಯಾರೋ ದೊಡ್ಡ ಹಂಡೆಯೊಳಗೆ ಮುಖ ಇಟ್ಟು 'ಹೂಂ' ಅಂದ ಹಾಗೆ, ಕಿಲೋಮೀಟರ್‌ಗಟ್ಟಲೆ ಕೇಳುತ್ತೆ. 1997ರಲ್ಲಿ ಇಡೀ ಬ್ರಿಟನ್ನಿನಲ್ಲಿ ಹೀಗೆ ಕೂಗೋ ಗಂಡು ಬರೀ 11 ಉಳಿದಿದ್ವಂತೆ! ಜೊಂಡು ಬೆಳೆದು ಕೊಳೆತು ನೆಲ ಏರ್ತಾ ಹೋದ್ರೆ ನೀರು ನಿಲ್ಲಲ್ಲ, ನೀರಿಲ್ಲದೆ ಮೀನಿಲ್ಲ. ಮತ್ತೆ ನೆಲ ತಗ್ಗು ಮಾಡಿ ನೀರು ನಿಲ್ಲಿಸಿದ್ರು, ಈಗ 200 ದಾಟಿವೆ. ಎಣಿಸೋದೂ ಕೂಗು ಕೇಳ್ಕೊಂಡೇ.

ಆಮೇಲೆ ಹೈಡ್‌ಗೆ ಹೋದೆ, ಹಕ್ಕಿಗೆ ಕಾಣದ ಹಾಗೆ ಕೂತು ನೋಡೋ ಮರದ ಕೋಣೆ ಅದು. ಎದುರಿಗೆ 'ಸ್ಕ್ರೇಪ್', 1960ರ ದಶಕದಲ್ಲಿ ಇಲ್ಲಿನ ವಾರ್ಡನ್ ಬರ್ಟ್ ಆಕ್ಸೆಲ್ ನೆಲ ಕೆರೆಸಿ ಮಾಡಿಸಿದ ತೆಳ್ಳನೆ ನೀರಿನ ಹರವು, ನಡುನಡುವೆ ಪುಟ್ಟ ದಿಬ್ಬಗಳು. ಅಲ್ಲಿ ಅವೊಸೆಟ್‌ಗಳು. ಕಪ್ಪು ಬಿಳುಪು ಮೈ, ನೀಲಿ ಛಾಯೆಯ ಉದ್ದ ಕಾಲು, ತುದಿ ಮೇಲಕ್ಕೆ ಬಾಗಿದ ಕೊಕ್ಕನ್ನ ನೀರಲ್ಲಿ ಎಡಕ್ಕೂ ಬಲಕ್ಕೂ ಬೀಸ್ತಾ ನಡೀತಿರ್ತಾವೆ, ಒಂದು ಸಾಲಾಗಿ ಹಾಗೆ ಬಂದಾಗ ನೋಡ್ತಾನೇ ಇರ್ಬೇಕು ಅನ್ಸುತ್ತೆ. ಇವು ಬ್ರಿಟನ್ನಿನಲ್ಲಿ ಗೂಡು ಮಾಡೋದೇ 19ನೇ ಶತಮಾನದಲ್ಲಿ ನಿಂತುಹೋಗಿತ್ತು. ಎರಡನೇ ಮಹಾಯುದ್ಧದಲ್ಲಿ ಶತ್ರು ಸೈನ್ಯ ಇಳಿದುಬಿಡುತ್ತೆ ಅಂತ ಈ ಕರಾವಳಿಯ ಹುಲ್ಲುಗಾವಲಿಗೆಲ್ಲ ಬೇಕಂತಲೇ ನೀರು ಬಿಟ್ಟಿದ್ರು, ಆ ನೀರಿಗೆ 1947ರಲ್ಲಿ ಅವೊಸೆಟ್ ವಾಪಸ್ ಬಂದ್ವು. ಸೈನ್ಯ ತಡೆಯೋಕೆ ಬಿಟ್ಟ ನೀರಲ್ಲಿ ಹಕ್ಕಿ ಮೊಟ್ಟೆ ಇಟ್ಟಿದೆ ಅನ್ನೋದು ನಂಗೆ ಎಷ್ಟು ಸಲ ಓದಿದ್ರೂ ಮೈ ಜುಂ ಅನ್ಸುತ್ತೆ.

ಈಗಿನ ಭಯಾನೂ ನೀರಿಂದೇ. ಸಮುದ್ರ ಏರಿ ದಿಬ್ಬ ದಾಟಿ ಉಪ್ಪುನೀರು ಜೊಂಡಿಗೆ ನುಗ್ಗಿದ್ರೆ ಸಿಹಿನೀರಿನ ಮೀನು ಸಾಯ್ತಾವೆ, ಬಿಟರ್ನ್‌ಗೆ ತಿನ್ನೋಕೇನಿರುತ್ತೆ? ಅದಕ್ಕೇ ಕೆಲವು ಕಡೆ ಸಮುದ್ರದಿಂದ ದೂರದಲ್ಲಿ ಹೊಸ ಜೊಂಡು ಬೆಳೆಸಿದಾರೆ.

ಪಕ್ಕದಲ್ಲಿ ವಯಸ್ಸಾದವರೊಬ್ರು ಕೂತಿದ್ರು, ಎರಡು ಗಂಟೆ ನಮ್ಮಿಬ್ಬರ ನಡುವೆ ಒಂದು ಮಾತಿಲ್ಲ. ನಾನು ಬ್ಯಾಗ್ ಎತ್ಕೊಂಡಾಗ ತೋಳು ಮುಟ್ಟಿ ಬೆರಳು ತೋರಿಸಿದ್ರು. ಜೊಂಡಿನ ಮೇಲೇ ತಗ್ಗಲ್ಲಿ ಕಂದು ಬಣ್ಣದ ಅಗಲ ರೆಕ್ಕೆ, ನಾಲ್ಕೈದು ಸಲ ಬಡಿದಿರಬಹುದು, ಕಾಲು ಇಳಿಬಿಟ್ಟು ಒಳಗೆ ಇಳಿದೇಬಿಡ್ತು. ಬ್ಯಾಗ್ ಕೆಳಗಿಟ್ಟು ಮತ್ತೆ ಕೂತೆ.