ಏನು 15?

ಪಿಯುಸಿ ಓದುವ ಅಣ್ಣನ ಮಗಳು ಇವತ್ತು ಲೆಕ್ಕ ಮುಗಿಸಿ, ‘15’ ಎಂದು ಬರೆದು ಪೆನ್ನು ಮುಚ್ಚಿದಳು.

‘ಏನು 15?’ ಎಂದೆ.
‘ಎಕ್ಸ್, ಚಿಕ್ಕಪ್ಪ.’

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಪಕ್ಕದ ನಮ್ಮ ಜಮೀನನ್ನೇ ನೆನೆಸಿಕೊಂಡೆವು. ಮೂರು ಕಡೆ ಬೇಲಿಗೆ 60 ಮೀಟರ್ ತಂತಿ, ನಾಲೆಯ ಕಡೆ ಬೇಡ; ಬೇಲಿಯೊಳಗೆ ಆದಷ್ಟು ಹೆಚ್ಚು ಜಾಗ ಸಿಗಬೇಕು. ಎರಡು ಬದಿಯಲ್ಲೂ ಒಳಕ್ಕೆ 15, ಉಳಿದದ್ದು ನಾಲೆಯ ಉದ್ದಕ್ಕೆ 30. ಒಟ್ಟು 450 ಚದರ ಮೀಟರ್.

14 ಮಾಡಿದರೆ? 448.
16 ಮಾಡಿದರೆ? ಅದೂ 448!

ಅದೇ 5ರಿಂದ 6ಕ್ಕೆ ಹೋದರೆ 250 ಇದ್ದದ್ದು 288 ಆಗುತ್ತದೆ. ಆದರೆ 450ರ ನೆತ್ತಿಯಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಡೆರಿವೇಟಿವ್, ಅಂದರೆ ಬದಲಾವಣೆಯ ದರ, ಸೊನ್ನೆ ಎಂದರೆ ಇದು. ಕಂಬ ನೆಡುವಾಗ ಅಳತೆ ತುಸು ಆಚೀಚೆಯಾದರೂ ನಷ್ಟ ಅತ್ಯಲ್ಪ. ಎಷ್ಟು ದೊಡ್ಡ ಸಮಾಧಾನ!

ಅವಳು ಪೆನ್ನು ತೆರೆದು 15ರ ಮುಂದೆ ಬರೆದಳು: ‘ಮೀಟರ್, ನಾಲೆಯಿಂದ ಒಳಕ್ಕೆ’.