ಕಾರು ಕಂಪನಿಯೊಂದು ತನ್ನ ವ್ಯವಹಾರದ ಬಗೆಯನ್ನು ಬದಲಿಸಲು ಒಳಗೆ ಏನಿರಬೇಕು?

ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಿಗೆ ಮಾತನಾಡಲು ಹೋದಾಗಲೆಲ್ಲ ವಿದ್ಯಾರ್ಥಿಗಳು ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ: ಹಣ, ತಂತ್ರಜ್ಞಾನ, ಜಾಣ ಎಂಜಿನಿಯರುಗಳು ಎಲ್ಲವೂ ಇರುವ ಕಾರು ಕಂಪನಿಗಳು ಹೊಸ ವ್ಯವಹಾರ ಮಾದರಿಗೆ ಹೊರಳಲು ಏಕೆ ಇಷ್ಟು ಹಿಂದೇಟು ಹಾಕುತ್ತವೆ? ಕಂಪನಿ ತನ್ನ ಕೆಲಸವನ್ನು ಯಾವ ಅಳತೆಗೋಲಿನಿಂದ ಅಳೆಯುತ್ತದೆ ಎಂಬುದನ್ನು ಮೊದಲು ನೋಡಬೇಕು ಎಂದು ನಾನು ಉತ್ತರಿಸುತ್ತೇನೆ.

ನಮ್ಮ ದೇಶದಲ್ಲಿ ತಯಾರಕರು ತಿಂಗಳಿಗೊಮ್ಮೆ ಪ್ರಕಟಿಸುವ ಮಾರಾಟದ ಅಂಕಿ ಬಹುಮಟ್ಟಿಗೆ ಕಾರ್ಖಾನೆಯಿಂದ ಡೀಲರ್‌ಗಳಿಗೆ ರವಾನೆಯಾದ ಕಾರುಗಳ ಲೆಕ್ಕ. ಗ್ರಾಹಕರ ಹೆಸರಿಗೆ ನೋಂದಣಿಯಾದ ಕಾರುಗಳ ಲೆಕ್ಕವೇ ಬೇರೆ. ಬಡ್ತಿ ಮತ್ತು ಪ್ರೋತ್ಸಾಹಧನ ಈ ರವಾನೆಯ ಅಂಕಿಗೆ ಅಂಟಿಕೊಂಡಿರುವ ಕಡೆ, ಕಾರನ್ನು ಮಾರದೆ ತಿಂಗಳ ಬಾಡಿಗೆಗೆ ಕೊಡೋಣ ಎಂಬ ಸಲಹೆಗೆ ಮಾರಾಟ ವಿಭಾಗದಲ್ಲಿ ಬೆಂಬಲ ಸಿಗುವುದು ಕಷ್ಟ. ಆಗ ಕಾರು ಕಂಪನಿಯ ಲೆಕ್ಕಪುಸ್ತಕದಲ್ಲೇ ಉಳಿಯುತ್ತದೆ, ಸವಕಳಿ ವರ್ಷವರ್ಷವೂ ಬೀಳುತ್ತದೆ, ಆದಾಯ ಕಂತುಕಂತಾಗಿ ಬರುತ್ತದೆ, ಕೊನೆಗೆ ಹಳೆಯ ಕಾರನ್ನು ವಿಲೇವಾರಿ ಮಾಡುವ ಹೊಣೆಯೂ ಕಂಪನಿಯ ಮೇಲೆಯೇ ಇರುತ್ತದೆ. ಇದನ್ನು ಲೆಕ್ಕ ಹಾಕಬಲ್ಲ, ಹಾಕುವ ಧೈರ್ಯವೂ ಇರುವ ಹಣಕಾಸು ವಿಭಾಗ ನನ್ನ ದೃಷ್ಟಿಯಲ್ಲಿ ಸಂಶೋಧನಾ ವಿಭಾಗದಷ್ಟೇ ಮುಖ್ಯ.

2021ರ ಅಕ್ಟೋಬರ್‌ನಲ್ಲಿ ಮರ್ಸಿಡಿಸ್-ಬೆಂಝ್ ಭಾರತದಲ್ಲಿ ಕಾರುಗಳ ದಾಸ್ತಾನನ್ನು ತಾನೇ ಇಟ್ಟುಕೊಂಡು, ದೇಶದಾದ್ಯಂತ ಒಂದೇ ಬೆಲೆಗೆ ಗ್ರಾಹಕರಿಗೆ ನೇರವಾಗಿ ಬಿಲ್ ಮಾಡತೊಡಗಿತು. ದಾಸ್ತಾನು, ಬುಕಿಂಗ್, ಬಿಲ್ಲಿಂಗ್ ಒಂದೇ ವ್ಯವಸ್ಥೆಯಡಿ ಬಾರದೆ ಇಂಥ ಬದಲಾವಣೆ ಸಾಧ್ಯವಿಲ್ಲ.

ಇನ್ನು ಅನುಭವದಿಂದ ಬಂದ ಜ್ಞಾನ. ನಮ್ಮ ಬೊಮ್ಮಸಂದ್ರದ ರೇವಾ 2001ರಲ್ಲೇ ವಿದ್ಯುತ್ ಕಾರನ್ನು ರಸ್ತೆಗಿಳಿಸಿತು. ಚಾರ್ಜ್ ಮುಗಿದು ನಿಂತ ಕಾರಿಗೆ ದೂರದಿಂದಲೇ ಮೀಸಲು ಚಾರ್ಜ್ ಬಿಡುಗಡೆ ಮಾಡುವ ವ್ಯವಸ್ಥೆಯನ್ನು 2009ರಲ್ಲಿ ಪ್ರದರ್ಶಿಸಿತು. ಮರುವರ್ಷ ಮಹೀಂದ್ರಾ ಅದರ ಬಹುಪಾಲು ಷೇರುಗಳನ್ನು ಕೊಂಡಿತು. ಮುಂದೆ ಬಂದ ಇ-ಟು-ಓ ಕಾರಿನ ಬ್ಯಾಟರಿಗೆ ತಿಂಗಳ ಶುಲ್ಕ ಕಟ್ಟುವ ಯೋಜನೆಯೂ ಬಂತು. ಬ್ಯಾಟರಿ ಹೇಗೆ ಸವೆಯುತ್ತದೆ ಎಂದು ವರ್ಷಗಟ್ಟಲೆ ಗಮನಿಸಿದವರಿಗಲ್ಲದೆ ಬೇರೆಯವರಿಗೆ ಅದರ ಬಾಡಿಗೆ ನಿಗದಿಪಡಿಸುವುದು ಸುಲಭವಲ್ಲ. ಈ ಊರಿನವನಾಗಿ ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ.

ಹೊಸ ವ್ಯವಹಾರಕ್ಕೆ ಪ್ರತ್ಯೇಕ ಸಂಸ್ಥೆ ಬೇಕೇ ಎಂದೂ ಕೆಲವರು ಕೇಳುತ್ತಾರೆ. ಬೇಕು, ಆದರೆ ಅದು ಮಾತೃಸಂಸ್ಥೆಯಿಂದ ಕಡಿದುಕೊಂಡಿರಬಾರದು. ಟಾಟಾ ಮೋಟಾರ್ಸ್ 2021ರ ಡಿಸೆಂಬರ್‌ನಲ್ಲಿ ವಿದ್ಯುತ್ ಕಾರುಗಳಿಗಾಗಿ ಅಂಗಸಂಸ್ಥೆಯನ್ನು ಸ್ಥಾಪಿಸಿದಾಗ, 7,500 ಕೋಟಿ ರೂಪಾಯಿಯ ಹೊರಗಿನ ಹೂಡಿಕೆಗೆ ಅದಾಗಲೇ ಒಪ್ಪಂದವಾಗಿತ್ತು. ಹಾಗಿದ್ದೂ ಮಾತೃಸಂಸ್ಥೆಯ ತಯಾರಿಕಾ ಸಾಮರ್ಥ್ಯವನ್ನೇ ಅದು ಬಳಸಿಕೊಂಡಿತು.